ಡಿಶ್‌ವಾಷರ್‌ನಲ್ಲಿ ಇ 15: ತಳದ ನೀರು ಎಲ್ಲಿಂದ ಬಂತು ಅಂತ ಹುಡುಕಿದ್ದು

ರಾತ್ರಿ ಪಾತ್ರೆಯೆಲ್ಲ ಜೋಡಿಸಿ ಡಿಶ್‌ವಾಷರ್ ಹಾಕಿ ಮಲಗಿದ್ದೆ. ಬೆಳಿಗ್ಗೆ ಎದ್ದರೆ ಅಡುಗೆಮನೆಯಿಂದ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಹೋಗಿ ನೋಡಿದೆ, ಡಿಸ್‌ಪ್ಲೇಯಲ್ಲಿ ಇ 15. ಪವರ್ ಬಟನ್ ಒತ್ತಿದೆ. ದೀಪ ಆರಿತು, ಸದ್ದು ನಿಲ್ಲಲಿಲ್ಲ. ಬಾಗಿಲು ತೆಗೆದರೆ ಒಳಗೆ ನೀರಿಲ್ಲ, ಪಾತ್ರೆ ಅರ್ಧಂಬರ್ಧ ತೊಳೆದಿದೆ, ಮೋಟಾರ್ ಮಾತ್ರ ಓಡುತ್ತಲೇ ಇದೆ. ಪ್ಲಗ್ ಕಿತ್ತ ಮೇಲೇ ನಿಂತಿದ್ದು.

ಮ್ಯಾನ್ಯುಯಲ್ ತೆಗೆದು ನೋಡಿದೆ. ಮೆಷಿನ್‌ನ ತಳದಲ್ಲಿ ನೀರು ನಿಂತಿದೆ ಅನ್ನುವುದೇ ಈ ಕೋಡ್‌ನ ಅರ್ಥ. ಇದೇ ತೊಂದರೆಗೆ ಬೇರೆ ಮೆಷಿನ್‌ಗಳಲ್ಲಿ ಐ 30 ಅಂತಲೋ ಎಇ ಅಂತಲೋ ಬರುತ್ತದೆ, ಆದ್ದರಿಂದ ಯಾರೋ ಹೇಳಿದ ಕೋಡ್ ನಂಬಬೇಡಿ, ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ನೋಡಿ.

ಆ ಮೋಟಾರ್, ಅಂದರೆ ನೀರು ಹೊರಹಾಕುವ ಡ್ರೈನ್ ಪಂಪ್, ಯಾಕೆ ನಿಲ್ಲುತ್ತಿರಲಿಲ್ಲ ಅನ್ನುವುದು ಅರ್ಥವಾದಾಗ ಉಳಿದದ್ದೆಲ್ಲ ಸುಲಭವಾಯಿತು. ಪಾತ್ರೆ ಇಡುವ ಸ್ಟೀಲ್ ತೊಟ್ಟಿಯ ಕೆಳಗೆ, ಮೋಟಾರು ಪೈಪುಗಳ ಅಡಿಗೆ, ಒಂದು ಪ್ಲಾಸ್ಟಿಕ್ ಟ್ರೇ ಇರುತ್ತದೆ. ಎಲ್ಲಿ ಸೋರಿದರೂ ನೀರು ಬಂದು ಸೇರುವುದು ಅಲ್ಲಿಗೆ. ಆ ಟ್ರೇಯಲ್ಲಿ ಅಂಗೈ ಅಗಲದ ಒಂದು ಥರ್ಮಾಕೋಲ್ ಬೆಂಡು. ನೀರು ನಿಂತರೆ ಬೆಂಡು ತೇಲಿ ಮೇಲಿರುವ ಚಿಕ್ಕ ಸ್ವಿಚ್ ಒತ್ತುತ್ತದೆ. ಸ್ವಿಚ್ ಬಿತ್ತು ಅಂದರೆ ನಲ್ಲಿಯಿಂದ ಬರುವ ನೀರನ್ನು ಮೆಷಿನ್ ನಿಲ್ಲಿಸಿ ಡ್ರೈನ್ ಪಂಪ್ ಓಡಿಸುತ್ತದೆ. ಆದರೆ ಆ ಪಂಪ್ ಎಳೆಯುವುದು ತೊಟ್ಟಿಯ ನೀರನ್ನು. ಟ್ರೇಯಲ್ಲಿರುವ ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ! ಹಾಗಾಗಿ 'ಸ್ವಲ್ಪ ಹೊತ್ತು ಓಡಲಿ, ಖಾಲಿಯಾಗುತ್ತೆ' ಅಂತ ಕಾದರೆ ದಿನವಿಡೀ ಕಾಯಬೇಕಾಗುತ್ತದೆ. ರೀಸೆಟ್ ಬಟನ್ ಎಷ್ಟು ಒತ್ತಿದರೂ ಅಷ್ಟೇ, ಬೆಂಡು ಕೆಳಗಿಳಿಯುವವರೆಗೆ ಕೋಡ್ ಹೋಗುವುದಿಲ್ಲ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪ್ಲಗ್ ತೆಗೆದು, ನಲ್ಲಿ ಬಂದ್ ಮಾಡಿ, ಪಾತ್ರೆ ಮತ್ತು ಬುಟ್ಟಿಗಳನ್ನೆಲ್ಲ ಹೊರಗಿಟ್ಟು, ಮೆಷಿನ್ ಮುಂದಕ್ಕೆ ಎಳೆದು ತಮ್ಮನನ್ನು ಕರೆದೆ. ಇಬ್ಬರೂ ಹಿಡಿದು ಮೆಲ್ಲಗೆ ಹಿಂದಕ್ಕೆ ವಾಲಿಸಿದೆವು. ಒಬ್ಬರೇ ಮಾಡಬೇಡಿ, ತುಂಬಾ ಭಾರ ಇರುತ್ತದೆ. "ಅಣ್ಣಾ, ಬಂತು ನೋಡು" ಅಂದ ತಮ್ಮ. ಹಿಂದೆ ಹಾಸಿದ್ದ ಬಟ್ಟೆ ಮೇಲೆ ಸುಮಾರು ಎರಡು ಲೋಟದಷ್ಟು ನೀರು, ಅಷ್ಟೇ. ಇಷ್ಟೇ ಇಷ್ಟು ನೀರಿಗೆ ಇಡೀ ಮೆಷಿನ್ ನಿಂತುಬಿಟ್ಟಿತ್ತು. ಪ್ಲಗ್ ಹಾಕಿದೆವು, ಕೋಡ್ ಮಾಯ.

ಮೂರನೇ ದಿನ ಅದೇ ಇ 15.

ಬರದೇ ಇನ್ನೇನು? ನಾನು ಒರೆಸಿದ್ದು ನೀರನ್ನು, ಸೋರುವ ಜಾಗವನ್ನು ನೋಡಿಯೇ ಇರಲಿಲ್ಲ. ವಾಲಿಸಿ ನೀರು ಚೆಲ್ಲಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಅದು ನಿಜವಾಗುವುದು ನೊರೆ ಉಕ್ಕಿ ಒಮ್ಮೆ ನೀರು ಇಳಿದಿದ್ದರೆ ಮಾತ್ರ. ಕೈಯಲ್ಲಿ ಪಾತ್ರೆ ತೊಳೆಯುವ ಸಾಮಾನ್ಯ ಲಿಕ್ವಿಡ್ ಯಾರಾದರೂ ಹಾಕಿಬಿಟ್ಟರೆ ಒಳಗೆಲ್ಲ ನೊರೆಯಾಗಿ ಬಾಗಿಲ ಕೆಳ ಅಂಚಿನಿಂದ ತಳಕ್ಕೆ ಇಳಿಯುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಗಿರಬಹುದಾ ಅಂತ ಖಾಲಿ ಮೆಷಿನ್ ಓಡಿಸಿ ಐದು ನಿಮಿಷಕ್ಕೆ ನಿಲ್ಲಿಸಿ ಬಾಗಿಲು ತೆಗೆದೆ. ಬರೀ ನೀರು, ನೊರೆಯ ಸುಳಿವೇ ಇಲ್ಲ. ಬಾಗಿಲ ರಬ್ಬರ್ ಸುತ್ತಲೂ ಬೆರಳಾಡಿಸಿ ನೋಡಿದೆ, ಹರಿದಿರಲಿಲ್ಲ. ಕೆಳಗಿನ ಸ್ಪ್ರೇ ತೋಳು ಬಿಚ್ಚಿ ನೋಡಿದೆ, ಯಾಕಂದ್ರೆ ಅದರಲ್ಲಿ ಬಿರುಕು ಬಿಟ್ಟರೆ ನೀರು ಅಡ್ಡಾದಿಡ್ಡಿ ಚಿಮ್ಮಿ ಬಾಗಿಲ ಮೂಲೆಯಿಂದ ಸೋರುತ್ತದೆ. ಅದೂ ಸರಿಯಾಗಿತ್ತು.

ಆಗ ಬಲಗಡೆಯ ತಗಡಿನ ಹೊದಿಕೆ ಬಿಚ್ಚಲು ಕೂತೆ. ನನ್ನದು ಬಿಡಿಯಾಗಿ ನಿಲ್ಲುವ ಮೆಷಿನ್. ಹಿಂಭಾಗದಲ್ಲಿ ನಕ್ಷತ್ರದಂಥ ತಲೆಯ ಸ್ಕ್ರೂಗಳಿದ್ದವು, ಅವಕ್ಕೆ ಟಿ 20 ಬಿಟ್ ಸರಿಯಾಯಿತು. ಪ್ಲಗ್ ತೆಗೆದಿದೆಯಾ ಅಂತ ಇನ್ನೊಮ್ಮೆ ನೋಡಿಕೊಳ್ಳಿ, ದಪ್ಪ ಗ್ಲೌಸ್ ಹಾಕಿಕೊಳ್ಳಿ, ಒಳಗಿನ ತಗಡಿನ ಅಂಚು ಬ್ಲೇಡಿನಷ್ಟು ಚೂಪು. ಸ್ಪಂಜಿನಲ್ಲಿ ಟ್ರೇಯ ನೀರು ಹೀರಿ, ಬಟ್ಟೆಯಲ್ಲಿ ಪೂರ್ತಿ ಒಣಗಿಸಿದೆ. ಬೆಂಡನ್ನು ಬೆರಳಲ್ಲಿ ಎತ್ತಿ ಬಿಟ್ಟಾಗ ಟಿಕ್ ಅಂತ ಸ್ವಿಚ್ ಸದ್ದು, ಬೆಂಡು ಆರಾಮಾಗಿ ಕೆಳಗೆ ಬಂತು. ಅಂದರೆ ಸ್ವಿಚ್ ಸುಳ್ಳು ಹೇಳುತ್ತಿರಲಿಲ್ಲ.

ಆಮೇಲೆ ನ್ಯೂಸ್‌ಪೇಪರ್ ಹರಿದು ಟ್ರೇಯ ನಾಲ್ಕು ಮೂಲೆಗೂ ಮಧ್ಯಕ್ಕೂ ಒಂದೊಂದು ಚೂರು ಇಟ್ಟೆ, ಬೆಂಡಿಗೆ ತಾಗದ ಹಾಗೆ. ಒದ್ದೆಯಾದ ನ್ಯೂಸ್‌ಪೇಪರ್ ಕಪ್ಪಗಾಗುತ್ತದಲ್ವಾ, ದೂರದಿಂದಲೂ ಗೊತ್ತಾಗುತ್ತದೆ. ಹೊದಿಕೆ ವಾಪಸ್ ಹಾಕಿ, ನಲ್ಲಿ ತಿರುಗಿಸಿ, ಬರೀ ರಿನ್ಸ್ ಪ್ರೋಗ್ರಾಂ ಹಾಕಿದೆ. ನೀರು ತುಂಬಿಕೊಂಡ ಮೇಲೆ ನಿಲ್ಲಿಸಿ, ಪ್ಲಗ್ ತೆಗೆದು, ಹೊದಿಕೆ ಬಿಚ್ಚಿ ನೋಡಿದೆ. ಪೇಪರ್ ಒಣ. ಮತ್ತೆ ಹೊದಿಕೆ ಹಾಕಿ ತೊಳೆಯುವ ಹಂತ ಅರ್ಧ ಆದಾಗ ನೋಡಿದೆ. ಆಗಲೂ ಒಣ. ನೀರು ಹೊರಗೆ ಹೋದ ಮೇಲೆ ನೋಡಿದರೆ ಹಿಂದಿನ ಬಲ ಮೂಲೆಯ ಚೂರು ಪೂರ್ತಿ ಕಪ್ಪು. ಪ್ರತಿ ಸಲ ಸ್ಕ್ರೂ ಬಿಚ್ಚಿ ಹಾಕುವುದು ಬೇಜಾರಿನ ಕೆಲಸವೇ. ಆದರೆ ಹೊದಿಕೆ ತೆಗೆದಿಟ್ಟು ಮೆಷಿನ್ ಓಡಿಸಬೇಡಿ, ಒಳಗೆ ಕರೆಂಟೂ ನೀರೂ ಪಕ್ಕಪಕ್ಕದಲ್ಲೇ ಇರುತ್ತವೆ.

ಇದರಿಂದ ಅರ್ಧ ಕೆಲಸ ಮುಗಿಯಿತು. ತುಂಬಿಕೊಳ್ಳುವಾಗ ಸೋರಿದ್ದರೆ ನಲ್ಲಿ ಕಡೆಯ ಪೈಪ್ ನೋಡಬೇಕಿತ್ತು. ತೊಳೆಯುವಾಗ ಸೋರಿದ್ದರೆ ಬಾಗಿಲೋ, ತೊಟ್ಟಿಯ ತಳದ ಸೀಲೋ. ನನ್ನದು ಸೋರಿದ್ದು ನೀರು ಹೊರಹಾಕುವಾಗ ಮಾತ್ರ. ಅಂದರೆ ಡ್ರೈನ್ ಪಂಪಿನಿಂದ ಆಚೆಗಿನ ದಾರಿ.

ಟಾರ್ಚ್ ಹಾಕಿ ಆ ಮೂಲೆಯನ್ನೇ ನೋಡುತ್ತಾ ಹೋದೆ. ಪಂಪಿಗೆ ಡ್ರೈನ್ ಪೈಪ್ ಸೇರುವ ಕಡೆ, ಕಪ್ಪು ರಬ್ಬರಿನ ಮೇಲೆ ಒಂದು ಸಣ್ಣ ಬಿಳಿ ಗೆರೆ. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಪುಡಿಪುಡಿ ಉದುರಿತು. ಗಡಸು ನೀರು ಒಣಗಿ ಬಿಟ್ಟ ಗುರುತು ಅದು. ಒಂದು ದಿನದ್ದಲ್ಲ, ವಾರಗಟ್ಟಲೆ ಹನಿಹನಿಯಾಗಿ ಇಳಿದು ಕಟ್ಟಿಕೊಂಡದ್ದು. ಗೆರೆಯ ಜಾಡು ಹಿಡಿದು ಮೇಲೆ ಹೋದರೆ ಸ್ಪ್ರಿಂಗ್ ಕ್ಲಿಪ್. ಪೈಪ್ ಹಿಂದಕ್ಕೆ ಸರಿದು, ಕ್ಲಿಪ್ ಅದರ ತುದಿಯಲ್ಲಿ ನೆಪಮಾತ್ರಕ್ಕೆ ಕಚ್ಚಿಕೊಂಡಿತ್ತು. ಪಂಪ್ ಜೋರಾಗಿ ತಳ್ಳಿದಾಗಷ್ಟೇ ಅಲ್ಲಿಂದ ನೀರು ಜಿನುಗುತ್ತಿತ್ತು.

ಆಗ ನೆನಪಾಯಿತು. ಸುಮಾರು ಎರಡು ತಿಂಗಳ ಹಿಂದೆ ಹಿಂಬದಿ ಗುಡಿಸೋಕೆ ಅಂತ ಮೆಷಿನ್ ಎಳೆದಿದ್ದೆ. ಸಿಂಕ್ ಕಡೆ ಕಟ್ಟಿದ್ದ ಡ್ರೈನ್ ಪೈಪನ್ನು ಬಿಚ್ಚಿರಲಿಲ್ಲ, ಅದು ಬಿಗಿಯಾಗಿ ಎಳೆದುಕೊಂಡಿತ್ತು.

ರಿಪೇರಿಗೆ ಹತ್ತೇ ನಿಮಿಷ. ಇಕ್ಕಳದಲ್ಲಿ ಕ್ಲಿಪ್‌ನ ಎರಡು ಕಿವಿ ಒತ್ತಿ ಹಿಂದೆ ಸರಿಸಿದೆ. ಪೈಪ್ ತೆಗೆದು ಬಾಯಿ ಒರೆಸಿ, ಬಿರುಕು ಇದೆಯಾ ಅಂತ ಬಗ್ಗಿಸಿ ನೋಡಿದೆ. ಪಂಪಿನ ಮೂತಿಯಲ್ಲಿ ಒಂದು ಉಬ್ಬು ಏಣು ಇರುತ್ತದೆ, ಪೈಪ್ ಅದನ್ನು ದಾಟಿ ಪೂರ್ತಿ ಒಳಗೆ ಹೋಗಬೇಕು, ಕ್ಲಿಪ್ ಏಣಿನ ಹಿಂದೆ ಕೂರಬೇಕು. ಏಣಿನ ಮೇಲೇ ಕೂರಿಸಿದರೆ ಮತ್ತೆ ಜಾರುತ್ತದೆ. ಹೊಸ ಪೇಪರ್ ಚೂರು ಇಟ್ಟು ಪೂರ್ತಿ ಪ್ರೋಗ್ರಾಂ ಓಡಿಸಿದೆ. ಎಲ್ಲ ಚೂರೂ ಗರಿಗರಿ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಬೆಂಡನ್ನು ಕಿತ್ತು ಹಾಕಿ, ಸ್ವಿಚ್ ಬೀಳದ ಹಾಗೆ ಮಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಮನೆಯೊಳಗೆ ನೀರು ಹರಿಯದಂತೆ ತಡೆಯುವುದೇ ಆ ಬೆಂಡು. ನಲ್ಲಿಯಿಂದ ಬರುವ ದಪ್ಪ ಪೈಪನ್ನೂ ಕತ್ತರಿಸಬೇಡಿ. ಇಂಥ ಮೆಷಿನ್‌ಗಳಲ್ಲಿ ಅದು ಪೈಪಿನೊಳಗೊಂದು ಪೈಪ್, ಒಳಗಿನದು ಒಡೆದರೆ ನೀರು ಹೊರಗಿನದರಲ್ಲಿ ಹರಿದು ಇದೇ ಟ್ರೇಗೆ ಬಂದು ಬೆಂಡು ಎತ್ತಲಿ ಅಂತಲೇ ಹಾಗೆ ಮಾಡಿರುತ್ತಾರೆ. ಪೇಪರ್ ಒದ್ದೆಯಾಗುವುದು ಆ ಕಡೆಯಿಂದ ಆದರೆ, ಅಥವಾ ತೊಟ್ಟಿಯ ತಳದ ಸೀಲಿನಿಂದ ಆದರೆ, ನಾನಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಕರೆಯುತ್ತಿದ್ದೆ. ಸುಟ್ಟ ವಾಸನೆ ಬಂದರೂ, ವಾರಂಟಿ ಇನ್ನೂ ಇದ್ದರೂ ಹಾಗೇ. ಬಂದವರಿಗೆ 'ಇ 15 ಬಂದಿದೆ' ಅನ್ನುವ ಬದಲು 'ನೀರು ತುಂಬುವಾಗ ಎಡಗಡೆ ಸೋರುತ್ತಿದೆ' ಅಂತ ಹೇಳಿ, ಅವರ ಅರ್ಧ ಗಂಟೆ ಉಳಿಯುತ್ತದೆ.

ವಾರ ಬಿಟ್ಟು ಮತ್ತೊಮ್ಮೆ ಹೊದಿಕೆ ಬಿಚ್ಚಿ ನೋಡಿದೆ. ಕ್ಲಿಪ್ ಇದ್ದಲ್ಲೇ ಇತ್ತು, ಕೆಳಗಿನ ರಬ್ಬರ್ ಒಣಗಿತ್ತು, ಬಿಳಿ ಗೆರೆ ಮತ್ತೆ ಮೂಡಿರಲಿಲ್ಲ. ಈಗ ಮೆಷಿನ್ ಎಳೆಯಬೇಕಾದರೆ ಮೊದಲು ಸಿಂಕ್ ಕಡೆಯ ಪೈಪ್ ಬಿಚ್ಚುತ್ತೇನೆ.