ಕೂಲರಿನ ಕೋಣೆಯಲ್ಲಿ ಎರಡೂವರೆಯಿಂದ ಐದು

ಕೆ-ಸೆಟ್, ಅಂದರೆ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬೇಕಾದ ರಾಜ್ಯದ ಅರ್ಹತಾ ಪರೀಕ್ಷೆ, ಪಾಸಾಯಿತು. ಕನ್ನಡ ವಿಷಯದಲ್ಲಿ, ಮೂರನೆಯ ಪ್ರಯತ್ನಕ್ಕೆ. ‘ಎರಡು ಮಕ್ಕಳು, ಮೇಲೆ ಗುಮಾಸ್ತೆಯ ಕೆಲಸ, ಇನ್ನು ಓದು ಯಾವ ಲೆಕ್ಕ’ ಎಂದವರಲ್ಲಿ ನನ್ನ ಅಣ್ಣನೂ ಇದ್ದ. ಈಗ ಅವನೇ ಅತ್ತಿಗೆಗಾಗಿ ನನ್ನ ಟಿಪ್ಪಣಿಗಳನ್ನು ಕೇಳುತ್ತಿದ್ದಾನೆ. ಕೊಡುತ್ತೇನೆ, ಸ್ವಲ್ಪ ಕಾಯಿಸಿ.

ಮೊದಲು ಸೋತದ್ದನ್ನು ಹೇಳಿಬಿಡುತ್ತೇನೆ. ಎಲ್ಲರೂ ಹೇಳುವಂತೆ ಬೆಳಗಿನ ನಾಲ್ಕಕ್ಕೆ ಏಳಲು ನೋಡಿದೆ. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ನಿದ್ದೆಗಣ್ಣಿನಲ್ಲಿ ಒಂದು ಕಡತವನ್ನು ಬೇರೆ ಶಾಖೆಗೆ ಕಳಿಸಿ ಬೈಸಿಕೊಂಡೆ. ಆಮೇಲೆ ಸುಮಾರು ಒಂಬತ್ತು ಸಾವಿರ ಕಟ್ಟಿ ಆನ್‌ಲೈನ್ ತರಗತಿಗೆ ಸೇರಿದೆ. ಪಾಠ ರಾತ್ರಿ ಏಳರಿಂದ ಒಂಬತ್ತು, ಅಂದರೆ ಕುಕ್ಕರ್ ಕೂಗುವ, ಮಗ ಗಣಿತದ ಪುಸ್ತಕ ಹಿಡಿದು ನಿಲ್ಲುವ ಹೊತ್ತು. ನಾಲ್ಕೋ ಐದೋ ಪಾಠ ಕೇಳಿರಬೇಕು. ಒಂದೊಂದಕ್ಕೆ ಎರಡು ಸಾವಿರ ಬಿದ್ದಂತಾಯಿತು.

ಬೇಕಾದ ಹೊತ್ತು ಕಣ್ಣೆದುರಿಗೇ ಇತ್ತು. ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆ. ಕೊಪ್ಪಳದ ಬಿಸಿಲಿಗೆ ಹೆದರಿ ಆ ಮಧ್ಯಾಹ್ನಗಳನ್ನು ನಾವೆಲ್ಲ ಮಲಗಿ ಕಳೆಯುತ್ತೇವೆ. ಎರಡು ತಿಂಗಳು ಗಟ್ಟಿಯಾಗಿ ಓದುವುದು, ಉಳಿದ ಹತ್ತು ತಿಂಗಳು ಬರೀ ಮೆಲುಕು ಹಾಕುವುದು ಎಂದು ನಿಶ್ಚಯಿಸಿದೆ. ‘ಹಗಲು ಓದಿದ್ದು ತಲೆಗೆ ಹತ್ತುವುದಿಲ್ಲ’ ಎಂದರು ಅತ್ತೆ.

ಆದರೆ ಆ ಎರಡು ತಿಂಗಳು ಮಕ್ಕಳೂ ಮನೆಯಲ್ಲೇ. ಮೊದಲ ಬೇಸಿಗೆಯಲ್ಲಿ ಅವರನ್ನು ಕುಷ್ಟಗಿಯ ತವರಿಗೆ ಕಳಿಸಿದೆ. ಐದನೆಯ ದಿನಕ್ಕೆ ಚಿಕ್ಕವನು ಜ್ವರ ಹೊತ್ತುಕೊಂಡು ಬಂದ. ಆ ವರ್ಷ ಆರು ಅಂಕಕ್ಕೆ ತಪ್ಪಿತು. ಮರು ವರ್ಷ ಚೀಟಿ ಎತ್ತಿ ಏಳೂವರೆ ಸಾವಿರದ ಕೂಲರ್ ತಂದೆ. ಮನೆಗೆಲ್ಲ ಅದೊಂದೇ ತಂಪು ಕೋಣೆ. ಊಟವಾಗಿ ಎಲ್ಲರೂ ಅಲ್ಲೇ ಅಡ್ಡಾಗುತ್ತಾರೆ. ಕೂಲರಿನ ಮೊರೆತದಲ್ಲಿ ಪುಟ ತಿರುಗಿಸಿದ ಸದ್ದೂ ಕೇಳುವುದಿಲ್ಲ. ಎರಡೂವರೆಯಿಂದ ಐದರವರೆಗೆ ಮೂಲೆಯ ಮೇಜು ನನ್ನದು. ಕರೆಂಟು ಹೋದರೆ ಮಾತ್ರ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಓದೂ ಅಲ್ಲಿಗೆ ಮುಗಿಯುತ್ತದೆ.

ಇದಕ್ಕಿಂತ ದೊಡ್ಡ ಜಗಳ ರೊಟ್ಟಿಯದು. ದಿನಕ್ಕೆ ಹನ್ನೆರಡು ರೊಟ್ಟಿ ಬಡಿಯಲು ನನಗೆ ಒಂದೂಕಾಲು ಗಂಟೆ ಬೇಕು. ಅಂಗಡಿಯಿಂದ ಏಳು ರೂಪಾಯಿಗೊಂದರಂತೆ ತರಿಸಿದೆ. ತಿಂಗಳಿಗೆ ಎರಡೂವರೆ ಸಾವಿರ, ಜೊತೆಗೆ ಅಕ್ಕಿಹಿಟ್ಟಿನ ಬೆರಕೆ. ಅತ್ತೆ ಮೊದಲ ತುತ್ತಿಗೇ ಹಿಡಿದುಬಿಟ್ಟರು. ಕಡೆಗೆ ನಮ್ಮ ಓಣಿಯ ಒಬ್ಬ ಹೆಂಗಸಿಗೆ ನಮ್ಮದೇ ಜೋಳದ ಹಿಟ್ಟು ಕೊಟ್ಟು, ರೊಟ್ಟಿಗೆ ಮೂರು ರೂಪಾಯಿ ಕೂಲಿಯಂತೆ, ಹದಿನೈದು ದಿನಕ್ಕೊಮ್ಮೆ ನೂರೆಂಬತ್ತು ಕಟಕ ರೊಟ್ಟಿ, ಅಂದರೆ ಗರಿಗರಿಯಾದ ಒಣ ರೊಟ್ಟಿ, ಮಾಡಿಸಿದೆ. ಹಳಸಲು ಎಂದು ಮನೆಯಲ್ಲಿ ಮುಖ ಸಿಂಡರಿಸಿದಾಗ, ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರುಗಳಿಂದ ಬರುವ ಲಕ್ಷಗಟ್ಟಲೆ ರೊಟ್ಟಿಗಳು ಯಾವತ್ತು ಬಡಿದವು ಎಂದು ಕೇಳಿದೆ. ಅತ್ತೆ ಗುರೆಳ್ಳು ಚಟ್ನಿಯ ಡಬ್ಬಿಯನ್ನು ಮುಂದೆ ಸರಿಸಿದರು.

ಮೆಲುಕಿಗೆಂದು ಇನ್ನೊಂದು ಪ್ರಯೋಗ ಮಾಡಿದೆ. ಟಿಪ್ಪಣಿಗಳನ್ನು ನನ್ನ ದನಿಯಲ್ಲೇ ಮೊಬೈಲಿಗೆ ಓದಿ, ಪಾತ್ರೆ ತೊಳೆಯುವಾಗ ಕೇಳುವುದು. ನನಗೆ ಅರ್ಧ ಮಾತ್ರ ನಿಂತಿತು, ಪಕ್ಕದಲ್ಲಿ ಆಡುತ್ತಿದ್ದ ಮಗನಿಗೆ ಪೂರ್ತಿ. ಕವಿರಾಜಮಾರ್ಗ ಹೇಳುವ ತಿರುಳ್ಗನ್ನಡದ ನಾಡಿನಲ್ಲಿ ಕಿಸುವೊಳಲು, ಪುಲಿಗೆರೆಗಳ ಜೊತೆ ನಮ್ಮ ಕೊಪಣವೂ, ಅಂದರೆ ಕೊಪ್ಪಳವೂ, ಇದೆ ಎಂದು ನಾಲ್ಕನೆಯ ತರಗತಿಯಲ್ಲಿ ಎದ್ದು ನಿಂತು ಹೇಳಿ ಬಂದ. ಬೋಧನೆ, ತರ್ಕ, ಲೆಕ್ಕಗಳಿರುವ ಮೊದಲ ಪತ್ರಿಕೆಯ ಐವತ್ತು ಪ್ರಶ್ನೆಗಳಿಗೆ ಮಾತ್ರ ಈ ಉಪಾಯ ಕೆಲಸಕ್ಕೆ ಬರಲಿಲ್ಲ, ಅಲ್ಲಿ ಬಿಡಿಸಿ ಬಿಡಿಸಿಯೇ ಕಲಿಯಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಲಿಲ್ಲ.

ನೂರೆಂಬತ್ತು ದಿನಗಳ ಮಕ್ಕಳ ಆರೈಕೆ ರಜೆಯನ್ನು ಮುಟ್ಟಲಿಲ್ಲ, ಅದು ಮಗಳ ಎಸ್ಸೆಸ್ಸೆಲ್ಸಿಗೆ ಎತ್ತಿಟ್ಟದ್ದು. ಒಂದೂವರೆಗೆ ಸರಿಯಾಗಿ ಕಚೇರಿ ಬಿಟ್ಟು ಹೊರಡುವುದನ್ನು ಹೇಗೆ ಸಾಧಿಸಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಹೇಳುವುದಿಲ್ಲ. ಹೇಳಿದರೆ ಮುಂದಿನ ಬೇಸಿಗೆಗೆ ನನಗೇ ತೊಂದರೆ.

ಸದ್ಯಕ್ಕೆ ಅದೇ ಕುರ್ಚಿ, ಅದೇ ಕಡತ. ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅರ್ಜಿ ಕರೆಯುವುದನ್ನು ಕಾಯುತ್ತಿದ್ದೇನೆ. ಕೂಲರಿನ ಪಂಪು ಕಳೆದ ಮೇ ತಿಂಗಳಿನಿಂದಲೇ ಕರಕರ ಎನ್ನುತ್ತಿದೆ. ಏಪ್ರಿಲ್‌ಗೆ ಮೊದಲು ಬದಲಿಸಬೇಕು, ಆರುನೂರಾದರೂ ಆಗುತ್ತದೆ. ಮಗಳು ಈ ಸಲ ಹತ್ತನೆಯ ತರಗತಿಗೆ. ಮೂಲೆಯ ಮೇಜು ತನಗೆ ಬೇಕು ಎಂದು ಈಗಲೇ ಹೇಳಿಟ್ಟಿದ್ದಾಳೆ.