ಹಳೆಯ ಗಾಜಿನ ಚಿತ್ತಾರ: ಆಮ್ಲದ್ದೋ, ಚಕ್ರದ್ದೋ, ಮರಳಿನದ್ದೋ?

ಹಳೆಯ ಲೋಟ, ಹೂಜಿ, ಬಟ್ಟಲುಗಳ ಮೇಲೆ ಮಬ್ಬಾಗಿ ಕಾಣುವ ಚಿತ್ತಾರವನ್ನೆಲ್ಲ ಮಾರುವವರು ಸಾಮಾನ್ಯವಾಗಿ ‘ಎಚಿಂಗ್’ (ಆಮ್ಲದಿಂದ ಕೊರೆದದ್ದು) ಎಂದೇ ಕರೆಯುತ್ತಾರೆ. ಆ ಒಂದು ಹೆಸರಿನಡಿ ನಾಲ್ಕೈದು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಅವನ್ನು ಬೇರ್ಪಡಿಸುವಾಗ ಹೂವು ಯಾವುದು, ಬಳ್ಳಿ ಎಂಥದು ಎಂದು ನೋಡಿ ಪ್ರಯೋಜನವಿಲ್ಲ. ಒಂದೇ ಗುಲಾಬಿಯನ್ನು ಹಲವು ವಿಧಾನಗಳಲ್ಲಿ ಮೂಡಿಸಬಹುದಾದ್ದರಿಂದ, ಗೆರೆಯ ಅಂಚನ್ನೂ ಅದರ ತಳವನ್ನೂ ನೋಡಬೇಕು.

ಮೊದಲು ಪಾತ್ರೆಯನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಜಿಡ್ಡು ಉಳಿದರೆ ಮಬ್ಬು ಭಾಗವೂ ತಿಳಿಯಾಗಿ ಕಂಡು ದಾರಿ ತಪ್ಪಿಸುತ್ತದೆ. ಒಳಗೆ ಕಪ್ಪು ಬಟ್ಟೆ ಇಟ್ಟು, ಪಕ್ಕದಿಂದ ಬೆಳಕು ಬೀಳುವಂತೆ ಮಾಡಿ, 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ.

ಆಮ್ಲದ ಕೆಲಸದಲ್ಲಿ ಕೊರೆಯಬಾರದ ಭಾಗಕ್ಕೆ ಮೇಣ ಬಳಿದಿರುತ್ತಾರೆ; ಮೇಣ ಮುಚ್ಚದ ಜಾಗವನ್ನಷ್ಟೇ ಗಾಜನ್ನು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲ ತಿನ್ನುತ್ತದೆ. ಹೀಗಾಗಿ ಗೆರೆ ಆಳವಿಲ್ಲದೆ, ಉದ್ದಕ್ಕೂ ಒಂದೇ ಮಟ್ಟದಲ್ಲಿರುತ್ತದೆ. ಇದರಲ್ಲಿ ಎರಡು ಬಗೆಗಳು ಹೆಚ್ಚಾಗಿ ಸಿಗುತ್ತವೆ. ಕೂದಲೆಳೆಯಷ್ಟು ಸಣ್ಣ ಗೆರೆ ಎಲ್ಲಿಯೂ ದಪ್ಪವಾಗದೆ, ಸುರುಳಿ ಸುರುಳಿಯಾಗಿ ಪಾತ್ರೆಯನ್ನು ಸುತ್ತಿದ್ದರೆ ಅದು ಸೂಜಿ ಎಚಿಂಗ್. ಮೇಣದ ಮೇಲೆ ಯಂತ್ರದಿಂದ ಸೂಜಿ ಓಡಿಸುವ ಈ ಕೆಲಸವನ್ನು 1860ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ನಾರ್ತ್‌ವುಡ್ ಬಹಳ ಮುಂದಕ್ಕೆ ಒಯ್ದರು. ಇನ್ನೊಂದು ಪ್ಲೇಟ್ ಎಚಿಂಗ್. ಲೋಹದ ಫಲಕದಲ್ಲಿ ಕೊರೆದ ಚಿತ್ರವನ್ನು ತೆಳುಕಾಗದದ ಮೂಲಕ ಗಾಜಿಗೆ ಇಳಿಸಿ, ಉಳಿದ ಭಾಗಕ್ಕೆ ಮೇಣ ಬಳಿದು ಆಮ್ಲದಲ್ಲಿ ಅದ್ದುತ್ತಿದ್ದರು. ಅಮೆರಿಕದ ಫಾಸ್ಟೋರಿಯಾ, ಕೇಂಬ್ರಿಜ್ ಕಂಪನಿಗಳ 1920 ಮತ್ತು 30ರ ದಶಕಗಳ ಹೂಬಳ್ಳಿಗಳು ಬಹುಪಾಲು ಈ ಬಗೆಯವು. ಇದರಲ್ಲಿ ಕಾಗದದ ತುದಿಗಳು ಕೂಡುವ ಜಾಗವನ್ನು ಹುಡುಕಿ. ಅರ್ಧಕ್ಕೆ ನಿಂತ ಎಲೆಯೋ ಸ್ವಲ್ಪ ಜಾರಿದ ಬಳ್ಳಿಯೋ ಅಲ್ಲಿ ಕಾಣಬಹುದು. ಒಮ್ಮೆ ಒಂದು ಬಟ್ಟಲನ್ನು ಕೈಕೆತ್ತನೆಯೆಂದೇ ನಂಬಿ ಮೆಚ್ಚುತ್ತಾ ಕುಳಿತಿದ್ದೆ. ಪಾತ್ರೆಯನ್ನು ತಿರುಗಿಸಿದಾಗ ಮೂರು ಹೂಗಳ ತೊಟ್ಟಿನ ಗೆರೆಯಲ್ಲೂ ಅದೇ ಜಾಗದಲ್ಲಿ ಅದೇ ಸಣ್ಣ ಬಿರುಕು ಕಂಡಿತು: ಕೈಕೆತ್ತನೆಯಲ್ಲ, ಫಲಕದಿಂದ ಇಳಿಸಿದ್ದು.

ತಿರುಗುವ ತಾಮ್ರದ ಚಕ್ರದಿಂದ ಗಾಜನ್ನು ಕೊರೆಯುವ ಕೆತ್ತನೆ ಹೀಗಿರುವುದಿಲ್ಲ. ಚಕ್ರ ಗಾಜನ್ನು ಮುಟ್ಟಿ, ಒಳಗಿಳಿದು, ಮೇಲೇಳುವುದರಿಂದ ಪ್ರತಿ ಗೀರೂ ಭತ್ತದ ಕಾಳಿನಂತೆ ನಡುವೆ ಆಳವಾಗಿ, ತುದಿಗಳಲ್ಲಿ ಚೂಪಾಗುತ್ತದೆ. ಭೂತಗನ್ನಡಿಯಲ್ಲಿ ಗೀರಿನೊಳಗೆ ಒಂದೇ ದಿಕ್ಕಿಗೆ ಓಡುವ ಸೂಕ್ಷ್ಮ ಗೆರೆಗಳು ಕಾಣುತ್ತವೆ, ಎರಡು ಎಲೆಗಳು ಪೂರ್ತಿ ಒಂದೇ ತರಹ ಇರುವುದಿಲ್ಲ.

ಅಮೆರಿಕದ ಬೆಂಜಮಿನ್ ಟಿಲ್‌ಮನ್ 1870ರಲ್ಲಿ ಪೇಟೆಂಟ್ ಪಡೆದ ಮರಳು ಸಿಡಿಸುವ ವಿಧಾನದಲ್ಲಿ ಮೇಲ್ಮೈ ಸಣ್ಣ ರವೆಯಂತೆ ತರಿತರಿಯಾಗಿಯೂ, ಅಂಚು ಕತ್ತರಿಸಿದ ಕಾಗದದಂತೆ ಕಡಿದಾಗಿಯೂ ಇರುತ್ತದೆ.

ಇವು ಯಾವುದೂ ಅಲ್ಲದ, ಬಿಳಿ ಬಣ್ಣ ಮುದ್ರಿಸಿ ಎಚಿಂಗ್‌ನಂತೆ ತೋರಿಸಿದ ಪಾತ್ರೆಗಳೂ ಉಂಟು. ಚಿತ್ತಾರದ ಅಂಚಿಗೆ ಅಡ್ಡಲಾಗಿ ಉಗುರು ಎಳೆಯಿರಿ. ನಿಜವಾದ ಕೊರೆತದಲ್ಲಿ ಅದು ಕೆಳಗೆ ಇಳಿಯುತ್ತದೆ ಅಥವಾ ಒರಟಾಗಿ ತಡೆಯುತ್ತದೆ, ಬಣ್ಣವಾದರೆ ಮೇಲಕ್ಕೆ ಹತ್ತುತ್ತದೆ. ಬಣ್ಣ ಸವೆದ ಕಡೆ ಕೆಳಗಿನ ಗಾಜು ನುಣುಪಾಗಿಯೇ ಇರುತ್ತದೆ. ಒಂದೇ ಪಾತ್ರೆಯ ಕಾಲಿನಲ್ಲಿ ಚಕ್ರದ ಕೆಲಸ, ಬಟ್ಟಲಿನಲ್ಲಿ ಆಮ್ಲದ ಕೆಲಸ ಇರುವುದೂ ಸಾಧ್ಯವಾದ್ದರಿಂದ, ಪ್ರತಿ ಭಾಗವನ್ನೂ ಬೇರೆಯಾಗಿಯೇ ಪರೀಕ್ಷಿಸಿ.