ಲೇಥ್‌ನಲ್ಲಿ ರೈಫಲ್ ಬೋಲ್ಟ್ ನೇರ ಕೂರಿಸಲು

ರೈಫಲ್ ಬೋಲ್ಟ್ (ಬಂದೂಕಿನ ಹಿಂಬದಿ ಮುಚ್ಚುವ ಸರಳು) ತರದ ಉದ್ದನೆಯ ಭಾಗಕ್ಕೆ ಮೂರು ದವಡೆಯ ಚಕ್ (ಲೇಥ್ ಯಂತ್ರದಲ್ಲಿ ಭಾಗವನ್ನು ಕಚ್ಚಿ ಹಿಡಿದು ತಿರುಗಿಸುವ ಹಿಡಿ) ನಂಬಬೇಡಿ, ಒಂದೊಂದು ದವಡೆಯೂ ಬೇರೆಬೇರೆಯಾಗಿ ಸರಿಯುವ ನಾಲ್ಕು ದವಡೆಯದ್ದೇ ಬೇಕು. ದವಡೆಗೂ ಬೋಲ್ಟ್‌ಗೂ ನಡುವೆ ತಾಮ್ರದ ತಂತಿಯ ಒಂದು ಸುತ್ತು ಕೊಡಿ, ಆಗ ಬೋಲ್ಟ್ ಸ್ವಲ್ಪ ವಾಲಿ ಹೊಂದಿಕೊಳ್ಳುತ್ತದೆ, ಮೈಮೇಲೆ ಗೀರೂ ಬೀಳಲ್ಲ. ಡಯಲ್ ಇಂಡಿಕೇಟರನ್ನು (ಸಣ್ಣ ಓಲಾಟವನ್ನೂ ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಚಕ್ ಹತ್ತಿರ ಬೋಲ್ಟ್‌ಗೆ ತಾಗಿಸಿ ಇಟ್ಟು ಚಕ್ಕನ್ನು ಕೈಯಲ್ಲೇ ತಿರುಗಿಸಿ. ಮುಳ್ಳು ಒಟ್ಟು 0.10 ಮಿ.ಮೀ. ಆಡಿದರೆ ಸರಿಸಬೇಕಾದ್ದು ಅದರ ಅರ್ಧ, 0.05 ಮಾತ್ರ, ಪೂರ್ತಿ ಸರಿಸಿ ಸುಮ್ನೆ ಒದ್ದಾಡುವವರೇ ಜಾಸ್ತಿ. ಒಂದು ದವಡೆ ಸಡಿಲಿಸಿ, ಎದುರಿನದ್ದು ಬಿಗಿ ಮಾಡಿ. ಆಮೇಲೆ ಹೊರ ತುದಿ ನೋಡಿ, ಮೆತ್ತನೆಯ ಸುತ್ತಿಗೆಯಿಂದ ತಟ್ಟಿ. ತುದಿ ಸರಿಯಾಗುವಷ್ಟರಲ್ಲಿ ಬುಡ ಕದಲಿರುತ್ತದೆ, ಮತ್ತೆ ನೋಡಲೇಬೇಕು, ಬೇಜಾರಿನ ಕೆಲಸ ಅಲ್ವಾ? ಎರಡೂ ಕಡೆ ಮುಳ್ಳು ನಿಂತ ಮೇಲೇ ಮೋಟರ್ ಆನ್ ಮಾಡಿ, ಅದಕ್ಕೂ ಮೊದಲು ಚಕ್ ಕೀ (ದವಡೆ ಬಿಗಿ ಮಾಡುವ ಕೀಲಿ) ತೆಗೆದಿದ್ದೀರಾ ನೋಡಿಕೊಳ್ಳಿ.